ಕರ್ಮಣಿ ಪ್ರಯೋಗ

ಡಂಗ್ಯಾನನ್ನಿನ ಚರ್ಚಿನ ಹಿಂದಿನ ಹಾಲಿನಲ್ಲಿ
ಮಂಗಳವಾರ ಸಂಜೆ ಏಳಕ್ಕೆ
ಇಂಗ್ಲಿಷ್ ಹೇಳಿಕೊಡುತ್ತೇನೆ, ಪುಕ್ಕಟೆ.
ಮೊದಲ ದಿನವೇ ಹೇಳಿಬಿಡುತ್ತಿದ್ದೆ:
ವ್ಯಾಕರಣದ ಪುಸ್ತಕ ತರಬೇಡಿ,
ಈಜು ಕಲಿಯುವವರು
ನೀರಿನ ಬಗ್ಗೆ ಓದುತ್ತ ಕೂರುತ್ತಾರೆಯೇ?
(ಹದಿನಾಲ್ಕು ವರ್ಷ ಸವೆಸಿದ ಮಾತು ಇದು.)

ಒಕ್ಟಾವಿಯಾನಾ ತಂದಳು.
ಹರಕು ರಟ್ಟು, ದಪ್ಪ ಬೆನ್ನು,
ದಾನದ ಅಂಗಡಿಯಲ್ಲಿ ಐವತ್ತು ಪೆನ್ಸ್.
ಒಳಪುಟದಲ್ಲಿ ಇನ್ನೊಬ್ಬಳ ಹೆಸರು: ದಾಂಗುವಲೆ, 2006.
ಲಿಥುವೇನಿಯಾದವಳಿರಬೇಕು,
ಆಗ ಕೋಳಿ ಫ್ಯಾಕ್ಟರಿ ತುಂಬ ಅವರೇ.
ಈಗ ಟಿಮೋರಿನವರು.
ಕೋಳಿ ಮಾತ್ರ ಹಾಗೇ ಬರುತ್ತಿದೆ, ತಲೆಕೆಳಗಾಗಿ.

ಬಿಟ್ಟ ಸ್ಥಳಗಳನ್ನೆಲ್ಲ ದಾಂಗುವಲೆ
ಪೆನ್ಸಿಲಿನಲ್ಲಿ ತುಂಬಿದ್ದಳು, ಅರ್ಧಕ್ಕರ್ಧ ತಪ್ಪು.
ಒಕ್ಟಾವಿಯಾನಾಗೆ ಆ ತಪ್ಪುಗಳ ಮೇಲೇ ಅಕ್ಕರೆ.
“ಇವಳೂ ಇಲ್ಲೇ ಎಡವಿದ್ದಾಳೆ ಟೀಚರ್”
ಎಂದು ಬೆರಳಿಟ್ಟು ನಗುವಳು,
ಕಾಣದ ಗೆಳತಿಯೊಬ್ಬಳು ಸಿಕ್ಕಂತೆ.

ಅವಳ ತೇತುಮ್ ಮಾತಿನಲ್ಲಿ ಕ್ರಿಯಾಪದ
ಅಂಗಿ ಬದಲಿಸುವುದಿಲ್ಲವಂತೆ.
ನಿನ್ನೆಗೂ ಹೋಗು, ನಾಳೆಗೂ ಹೋಗು,
ಆಗಿಹೋದದ್ದಕ್ಕೆ ಕೊನೆಯಲ್ಲೊಂದು ‘ಓನಾ’:
ತಿನ್ನು ಓನಾ, ಮಲಗು ಓನಾ, ಸಾಯು ಓನಾ.
ಅಂಥವಳಿಗೆ ನಮ್ಮ ಹನ್ನೆರಡು ಕಾಲಗಳು
ಬಾಡಿಗೆ ಮನೆಯ ಹನ್ನೆರಡು ಸ್ವಿಚ್ಚು,
ಯಾವುದು ಒತ್ತಿದರೆ ಯಾವ ದೀಪವೋ.

ನಾನು ಕಲಿಸಿದ್ದು ಹವಾಮಾನದ ಮಾತು,
ಚಿಲ್ಲರೆ ಕೇಳುವುದು,
ಡಾಕ್ಟರ ಮುಂದೆ ‘ಎಡಗಡೆ, ರಾತ್ರಿ ಹೆಚ್ಚು’ ಎನ್ನುವುದು.
ಅದೇನೂ ಸಣ್ಣದಲ್ಲ.

ನವೆಂಬರಿನಲ್ಲಿ ಫಿಲೊಮೆನೊನ ಬೆರಳು ಹೋಯಿತು.
ಬೆಲ್ಟು ನಿಂತಿತು, ತೊಳೆದರು, ಮತ್ತೆ ಹೊರಟಿತು.
ಮೂರನೆಯ ದಿನ ಸಾಕ್ಷಿಗಳ ಸಹಿಗೊಂದು ಹಾಳೆ.
ಹಾಲಿಗೆ ತಂದು ತೋರಿಸಿದಳು:

ಯಂತ್ರದ ಜಾಲರಿ ತೆಗೆಯಲ್ಪಟ್ಟಿತ್ತು.
ಎಚ್ಚರಿಕೆ ನೀಡಲ್ಪಟ್ಟಿತ್ತು.
ಬೆರಳು ಕಳೆಯಲ್ಪಟ್ಟಿತು.

ಓದಿದೆ. ಒಂದೂ ತಪ್ಪಿಲ್ಲ.
‘ಸರಿಯಾಗಿದೆ’ ಎಂದುಬಿಟ್ಟೆ.

ಅವಳು ಸಹಿ ಹಾಕಲಿಲ್ಲ.
ಪುಸ್ತಕ ತೆರೆದಳು, ಪಾಠ ನಲವತ್ತೆರಡು.
ದಾಂಗುವಲೆಯ ಪೆನ್ಸಿಲು ನಲವತ್ತೊಂದಕ್ಕೇ ನಿಂತಿತ್ತು
(ಊರಿಗೆ ಮರಳಿದಳೋ, ಶಿಫ್ಟ್ ಬದಲಾಯಿತೋ).
ಚೌಕದೊಳಗೆ ಅಚ್ಚಾಗಿತ್ತು:
ಮಾಡಿದವರು ಯಾರೆಂದು ಗೊತ್ತಿಲ್ಲದಾಗ
ಅಥವಾ ಹೇಳುವುದು ಬೇಡವಾದಾಗ
ಕರ್ತೃವನ್ನು ಬಿಡಬಹುದು.

‘ಬೇಡವಾದಾಗ’ ಎಂಬಲ್ಲಿ ಬೆರಳು ನಿಂತಿತು.
“ಯಾರಿಗೆ ಬೇಡ, ಟೀಚರ್?”

ನನ್ನ ಟೀ ಆರಿತು.

ಅಭ್ಯಾಸ ಮೂರು: ಕರ್ತರಿಗೆ ಬದಲಾಯಿಸಿರಿ.
ಹಾಳೆಯ ಕೆಳಗೆ, ದುಂಡು ಅಕ್ಷರದಲ್ಲಿ,
ಪುಸ್ತಕ ನೋಡಿ ನೋಡಿ ಬರೆದಳು:
ಸೂಪರ್‌ವೈಸರ್ ಜಾಲರಿ ತೆಗೆದರು.
ನಮಗೆ ಯಾರೂ ಎಚ್ಚರಿಕೆ ಕೊಡಲಿಲ್ಲ.
ಫಿಲೊಮೆನೊ ಬೆರಳು ಕಳೆದುಕೊಂಡ

ಅಲ್ಲಿ ತಡೆದಳು.
ಈ ವಾಕ್ಯದಲ್ಲಿ ಕರ್ತೃ ಅವನಾಗುತ್ತಾನಲ್ಲ!
ಹೊಡೆದು ಹಾಕಿದಳು. ಬಹಳ ಹೊತ್ತಿನ ಮೇಲೆ:
ಯಂತ್ರ ಅವನ ಬೆರಳು ತೆಗೆದುಕೊಂಡಿತು.

ಒಂದು ‘ದಿ’ ಬಿಟ್ಟುಹೋಗಿತ್ತು.
ತಿದ್ದಲು ಹೋದ ಕೈಯನ್ನು
ಮಡಿಲಲ್ಲಿಟ್ಟುಕೊಂಡೆ.

ಆಮೇಲೇನಾಯಿತೆಂದು ಕೇಳಬೇಡಿ.
ಕಚೇರಿಯಿಂದ ಕಾಗದ ಬರುತ್ತಲೇ ಇದೆ:
ನಿಮ್ಮ ಹೇಳಿಕೆ ಸ್ವೀಕರಿಸಲ್ಪಟ್ಟಿದೆ,
ಪರಿಶೀಲಿಸಲ್ಪಡುತ್ತಿದೆ,
ತಿಳಿಸಲ್ಪಡುವುದು.
ಒಕ್ಟಾವಿಯಾನಾ ಪ್ರತಿಯೊಂದರ ಅಂಚಿಗೂ
‘ಯಾರಿಂದ?’ ಎಂದು ಬರೆದು
ವಾಪಸು ಕಳಿಸುತ್ತಾಳೆ.

ಈಜಿನ ಮಾತು ನಾನು ಬಿಟ್ಟಿದ್ದೇನೆ.
ಮಂಗಳವಾರ ಫಿಲೊಮೆನೊನೂ ಬರುತ್ತಾನೆ,
ಬ್ಯಾಂಡೇಜಿನ ಕೈಯಲ್ಲಿ ಪುಟ ಒತ್ತಿ ಹಿಡಿಯುತ್ತಾನೆ,
ಅವಳು ಬರೆಯುತ್ತಾಳೆ, ಪೆನ್ನಿನಲ್ಲಿ.
ದಾಂಗುವಲೆ ಬಿಟ್ಟ ಸ್ಥಳಗಳು
ಇನ್ನೂ ಬಹಳ ಇವೆ.